ಬದಲಿ ಮಾರ್ಗ ಮುಗಿಯುವುದೆಲ್ಲಿ, ಸ್ವಾಮಿ?

ಹೆದ್ದಾರಿಯ ಬದಲಿ ಮಾರ್ಗಗಳಿಗೆ ಫಲಕ ನೆಡಿಸುವ ಅಧಿಕಾರಿಗಳ ಸಮಕ್ಷಮಕ್ಕೆ,

ಮಾನ್ಯರೇ,

ತಿಪಟೂರು ದಾಟಿ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದ ಮೇಲೆ ರಸ್ತೆಗೆ ಅಡ್ಡಲಾಗಿ ತಾವು ಒಂದು ಫಲಕ ನಿಲ್ಲಿಸಿದ್ದೀರಿ. ‘ಮುಂದೆ ಕಾಮಗಾರಿ ನಡೆಯುತ್ತಿದೆ, ಬದಲಿ ಮಾರ್ಗ ಬಳಸಿ’ ಎಂದು ಅದರ ಮೇಲೆ ಬರೆದಿದೆ. ಕೆಳಗೆ ಎಡಕ್ಕೆ ತೋರಿಸುವ ಒಂದು ಬಾಣವಿದೆ. ಆ ಬಾಣವನ್ನು ನಂಬಿ ಎಡಕ್ಕೆ ತಿರುಗಿದವರು ಮತ್ತೆ ಹೆದ್ದಾರಿಗೆ ಬರುವುದು ಹೇಗೆ ಎಂದು ಹೇಳುವ ಎರಡನೆಯ ಫಲಕವನ್ನು ಮಾತ್ರ ತಾವು ಎಲ್ಲಿಯೂ ನಿಲ್ಲಿಸಿಲ್ಲ. ಮೂರು ವರ್ಷದಿಂದ ನಿಲ್ಲಿಸಿಲ್ಲ. ಇದರಿಂದಾಗಿ ನನ್ನ ಮದುವೆ ನಿಂತಿದೆ. ನನ್ನ ದೂರು ಇಷ್ಟೇ. ಇನ್ನು ಮುಂದೆ ಬರೆದಿರುವುದೆಲ್ಲ ಬರೀ ವಿವರಣೆ. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆ ಫಲಕ ಹಾಕಿಸಿಬಿಡಬಹುದು, ನನಗೆ ಸ್ವಲ್ಪವೂ ಬೇಜಾರಿಲ್ಲ.

ಓದುತ್ತಲೇ ಇದ್ದೀರಿ ಎಂದರೆ ಫಲಕ ಹಾಕಿಸಿಲ್ಲ ಎಂದಾಯಿತು. ಸರಿ, ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಮಧುಕುಮಾರ್. ಮನೆ ಬಸವೇಶ್ವರನಗರ, ಅಂಗಡಿ ಮಾರೇನಹಳ್ಳಿ, ಕಸುಬು ಬೋರ್ಡು ಬರೆಯುವುದು. ಅಪ್ಪನ ಕಾಲದಲ್ಲಿ ಡಬ್ಬಿಬಣ್ಣ, ಕುಂಚ. ನನ್ನ ಕಾಲಕ್ಕೆ ಕಂಪ್ಯೂಟರು, ಸ್ಟಿಕ್ಕರು, ಬೆಳಕು ಬಿದ್ದರೆ ಹೊಳೆಯುವ ಹಾಳೆ. ನಮ್ಮ ಕಡೆಯ ಬೀದಿಗಳಲ್ಲಿ ‘ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ’ ಎಂದಿರುವ ಬೋರ್ಡುಗಳಲ್ಲಿ ಅರ್ಧ ನನ್ನ ಕೈಯವು. ಆ ಗೇಟುಗಳ ಮುಂದೆ ಗಾಡಿ ನಿಲ್ಲಿಸುವವರು ಯಾರ ಕೈಯವರೋ ಗೊತ್ತಿಲ್ಲ. ಹೀಗಾಗಿ ತಮ್ಮ ಫಲಕವನ್ನು ನಾನು ನೋಡಿದ್ದು ದಾರಿಹೋಕನ ಕಣ್ಣಿನಿಂದಲ್ಲ, ಕಸುಬಿನವನ ಕಣ್ಣಿನಿಂದ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿದೆ. ಅಕ್ಷರದ ಅಳತೆ ಸರಿಯಾಗಿದೆ, ಹಾಳೆಯ ಕೆಳಗೆ ಒಂದೇ ಒಂದು ಗಾಳಿಗುಳ್ಳೆಯಿಲ್ಲ, ಒತ್ತಕ್ಷರಗಳು ಅಂಚಿನಿಂದ ಹೊರಗೆ ಕಾಲು ಚಾಚಿಲ್ಲ. ಅದರ ಬಗ್ಗೆ ನನಗಿರುವ ತಕರಾರು ಒಂದೇ. ಅದು ನನ್ನ ಹಾಗೆ ಒಂಟಿಯಾಗಿದೆ.

ನನಗೀಗ ಮೂವತ್ತೇಳು. ಇಲ್ಲಿಯವರೆಗೆ ಹನ್ನೊಂದು ಮನೆಗಳಲ್ಲಿ ಹೆಣ್ಣು ನೋಡಿ, ಹನ್ನೊಂದು ತಟ್ಟೆ ಉಪ್ಪಿಟ್ಟು, ಹನ್ನೊಂದು ತಟ್ಟೆ ಕೇಸರಿಬಾತು ತಿಂದು ಬಂದಿದ್ದೇನೆ. ‘ಬೋರ್ಡ್ ಬರೆಯೋ ಹುಡುಗನಾ? ಆಮೇಲೆ ತಿಳಿಸ್ತೀವಿ’ ಎಂದವರು ಇನ್ನೂ ತಿಳಿಸುತ್ತಲೇ ಇದ್ದಾರೆ. ಹನ್ನೆರಡನೆಯದು ಅಮ್ಮನ ಕಡೆಯ ನೆಂಟರೊಬ್ಬರು ಹೇಳಿದ ಸಂಬಂಧ. ಊರು ಮಳಲಿಕೆರೆ. ಹುಡುಗಿಯ ಹೆಸರು ಕುಸುಮಾ, ಮೂವತ್ತಮೂರು ವರ್ಷ, ಊರಿನ ಪುಟ್ಟ ಅಂಚೆ ಕಚೇರಿ ನೋಡಿಕೊಳ್ಳುವುದು ಅವಳೇ. ಹುಡುಗನಿಗೆ ಸ್ವಂತ ಮನೆ ಇದೆಯಾ, ಎಷ್ಟು ಪೋರ್ಷನ್ನು ಬಾಡಿಗೆಗೆ ಕೊಟ್ಟಿದ್ದಾರೆ ಎಂದು ಉಳಿದವರೆಲ್ಲ ಕೇಳಿದರೆ, ಅವಳು ಫೋನಿನಲ್ಲಿ ಅಮ್ಮನನ್ನು ಕೇಳಿದ್ದು ‘ಅವರ ಕೈಬರಹ ಹೆಂಗಿದೆ?’ ಎಂದು. ಮಾನ್ಯರೇ, ಈ ಪ್ರಶ್ನೆ ಕೇಳುವ ಹೆಣ್ಣಿಗಾಗಿ ನಾನು ಮೂವತ್ತೇಳು ವರ್ಷ ಕಾದಿದ್ದೆನೇನೋ ಎಂದು ನನಗನ್ನಿಸಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಹೊರಟಿದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ. ಕಾರಿನಲ್ಲಿ ನಾಲ್ಕು ಜನ. ಓಡಿಸುವುದಕ್ಕೆ ಸೋದರಮಾವ ವೆಂಕಟಗಿರಿ, ಅವರ ಪಕ್ಕದಲ್ಲಿ ಎಂಬತ್ತೊಂದು ವರ್ಷದ ಅಜ್ಜಿ ಮುನಿತಾಯಮ್ಮ, ಹಿಂದೆ ಅಮ್ಮ ವೆಂಕಟಲಕ್ಷ್ಮಮ್ಮ ಮತ್ತು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ನಾನು. ಮೂರೂವರೆ ಗಂಟೆಯ ಹಾದಿ. ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತರೊಳಗೆ ಮಳಲಿಕೆರೆ ಎಂದು ಮಾವ ಲೆಕ್ಕ ಹಾಕಿದ್ದರು. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಇನ್ನೇನು ಗಾಡಿ ಚಾಲೂ ಮಾಡಬೇಕು, ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ ಶಿವಾನಿ ಹಲ್ಲುಜ್ಜುತ್ತಾ ಹೊರಗೆ ಬಂದು, ‘ಎಲ್ಲಿಗೆ ಆಂಟಿ ಇಷ್ಟು ಬೇಗ?’ ಎಂದು ಕೇಳಿಬಿಟ್ಟಳು.

ತಾವೂ ಈ ನಾಡಿನವರೇ ಆದ್ದರಿಂದ ಆಮೇಲೆ ಏನಾಯಿತೆಂದು ಊಹಿಸಬಲ್ಲಿರಿ. ಅಜ್ಜಿ ಕಾರಿನಿಂದ ಇಳಿದರು. ‘ಒಳ್ಳೆ ಕೆಲ್ಸಕ್ಕೆ ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಕಣಮ್ಮಾ. ದೂರ ಹೊರಟ್ರಾ ಅನ್ಬೇಕು. ಅಷ್ಟೂ ಗೊತ್ತಿಲ್ವಾ?’ ಎಂದರು. ಶಿವಾನಿ ಬಾಯಿತುಂಬ ನೊರೆ ಇಟ್ಟುಕೊಂಡು ಸಾರಿ ಕೇಳಿದಳು. ಅಜ್ಜಿ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು, ನೀರು ಕುಡಿದು, ಅಪಶಕುನ ಇಳಿಯಲೆಂದು ಮುಕ್ಕಾಲು ಗಂಟೆ ಕಾದು, ಮತ್ತೆ ಬಂದು ಕುಳಿತರು. ಕುಳಿತವರೇ ಎರಡು ಕಟ್ಟಪ್ಪಣೆ ಹೊರಡಿಸಿದರು. ಒಂದು, ಇವತ್ತು ಮನೆಗೆ ವಾಪಸು ಬರುವವರೆಗೆ ‘ಎಲ್ಲಿ’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಎರಡು, ಹುಡುಗಿಯ ಊರಿನ ಹೆಸರನ್ನು ದಾರಿಯಲ್ಲಿ ಯಾರ ಮುಂದೆಯೂ ಬಾಯಿಬಿಡಕೂಡದು. ಹಿಂದಿನ ಹನ್ನೊಂದು ಸಂಬಂಧವನ್ನೂ ಯಾರೋ ಮುಂದಾಗಿ ಹೋಗಿ ಚಾಡಿ ಹೇಳಿ ತಪ್ಪಿಸಿದರೆಂದು ಅಜ್ಜಿಗೆ ಬಲವಾದ ಗುಮಾನಿ. ಹಾಗೆ ಚಾಡಿ ಹೇಳುವಷ್ಟು ನನ್ನಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಅಜ್ಜಿಗೆ ನನ್ನ ಮೇಲಿರುವ ಅಭಿಮಾನವನ್ನು ನಾನ್ಯಾಕೆ ಕಮ್ಮಿ ಮಾಡಲಿ?

ಭಾನುವಾರ ತುಮಕೂರು ರಸ್ತೆಯಲ್ಲಿ ಬರೀ ಜನ ಎಂದು ಮಾವ ಮಾಗಡಿ ರಸ್ತೆ ಹಿಡಿದರು. ಅದೇ ಯೋಚನೆ ಬಂದ ಉಳಿದ ಬೆಂಗಳೂರೆಲ್ಲ ನಮಗೆ ಬ್ಯಾಡರಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿ ಒಂದು ಗಂಟೆ ಕಳೆಯಿತು. ಬೇಸಿಗೆಯ ಬಿಸಿಲು ಎಂಟು ಗಂಟೆಗೇ ಬೋನೆಟ್ಟಿನ ಮೇಲೆ ಕುಳಿತಿತ್ತು. ಏಸಿ ಹಾಕಿ ಮಾವ ಎಂದರೆ, ‘ಬಿಸ್ಲಲ್ಲಿ ಏಸಿ ಹಾಕಿದ್ರೆ ಗಾಡಿಗೆ ಉಸಿರುಕಟ್ಟುತ್ತೆ ಕಣೋ’ ಎಂದರು. ಮಳೆಯಲ್ಲಿ ಹಾಕಿದರೆ ನೆಗಡಿಯಂತೆ. ಹಾಗಾದರೆ ಆ ಗುಂಡಿಯನ್ನು ಯಾಕೆ ಇಟ್ಟಿದ್ದಾರೆ ಎಂದು ಕೇಳಿದೆ. ‘ಮಾರುವಾಗ ತೋರ್ಸೋಕೆ’ ಎಂದರು. ನನ್ನ ಕಡೆಯ ಕಿಟಕಿಯ ಗಾಜು ಕೆಳಗೆ ಇಳಿಯುವುದಿಲ್ಲ. ಅಜ್ಜಿಗೆ ತಿರುವುಗಳಲ್ಲಿ ವಾಂತಿ, ಉಬ್ಬುಗಳಲ್ಲಿ ಸೊಂಟನೋವು, ನೇರ ರಸ್ತೆಯಲ್ಲಿ ನಿದ್ದೆ. ನಿದ್ದೆ ಬಂದಾಗಲೆಲ್ಲ ಹಳ್ಳಿಗೆ ನಾಲ್ಕರಂತೆ ಇರುವ ಉಬ್ಬುಗಳು ಅವರನ್ನು ಎಬ್ಬಿಸುತ್ತಿದ್ದವು. ಉಬ್ಬು ಇದೆ ಎಂದು ಎಚ್ಚರಿಸುವ ಫಲಕ ಉಬ್ಬು ಕಳೆದು ಹತ್ತು ಮಾರು ಮುಂದೆ ಇತ್ತು. ಅದು ತಮ್ಮ ವಿಭಾಗವೋ ಅಲ್ಲವೋ ತಿಳಿಯದು, ಸುಮ್ಮನೆ ತಮ್ಮ ಗಮನಕ್ಕಿರಲಿ.

ಇಲ್ಲಿ ನಗದೆ ಹೇಳಬೇಕಾದ ಮಾತೊಂದಿದೆ. ನಮ್ಮಮ್ಮನಿಗೆ ಅರವತ್ತೆರಡು ವರ್ಷ. ಕಾರಿನಲ್ಲಿ ಎರಡು ದೊಡ್ಡ ಬಾಟಲಿ ನೀರಿದ್ದರೂ ಅವರು ಅವತ್ತು ಬೆಳಗಿನಿಂದ ಒಂದು ಹನಿ ಬಾಯಿಗೆ ಹಾಕಲಿಲ್ಲ. ನೀರು ಕುಡಿದರೆ ದಾರಿಯಲ್ಲಿ ಇಳಿಯಬೇಕಾಗುತ್ತದೆ, ಇಳಿದರೆ ಹೆಂಗಸರು ಹೋಗುವಂಥ ಜಾಗ ಇರುವುದಿಲ್ಲ. ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿಲ್ಲ. ನಾಲ್ಕು ದಶಕ ತಮ್ಮ ರಸ್ತೆಗಳಲ್ಲಿ ಓಡಾಡಿ ಅವರೇ ಕಲಿತಿದ್ದಾರೆ. ಮೂವತ್ತೆಂಟು ಡಿಗ್ರಿ ಬಿಸಿಲಿನಲ್ಲಿ ತಾಯಿಯೊಬ್ಬಳು ತುಟಿ ಒಣಗಿಸಿಕೊಂಡು, ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ ಇಟ್ಟುಕೊಂಡು ಮಗನ ಮದುವೆ ಮಾತಾಡಲು ಹೋಗುವುದನ್ನು ಪಕ್ಕದಲ್ಲಿ ಕುಳಿತು ನೋಡಿದರೆ ಸಿಟ್ಟು ಬರುತ್ತದೆ, ಸ್ವಾಮಿ. ಬಂತು.

ಕುಣಿಗಲ್‌ನಲ್ಲಿ ತಿಂಡಿಗೆ ಒಂದು ಗಂಟೆ. ತುರುವೇಕೆರೆಯ ಹತ್ತಿರ ಇಂಜಿನ್ ಕಾದು ಹೊಗೆ ಬಂದು ಇನ್ನೊಂದು ಗಂಟೆ. ಮಾವನ ಮಾತಿನಲ್ಲಿ ಹೇಳುವುದಾದರೆ ಗಾಡಿಗೆ ಏಸಿ ಹಾಕದೆಯೇ ಉಸಿರುಕಟ್ಟಿತ್ತು. ತಟ್ಟೆಯಲ್ಲಿದ್ದ ಬಾಳೆಹಣ್ಣು ತಿಪಟೂರಿನ ಹೊತ್ತಿಗೆ ಹಳದಿ ಬಣ್ಣ ಬಿಟ್ಟಿತ್ತು, ನನ್ನ ಬಿಳಿ ಶರ್ಟು ಆ ಹಳದಿಯನ್ನು ತಾನು ತೆಗೆದುಕೊಂಡಿತ್ತು. ಆದರೂ ಯಾರಿಗೂ ಚಿಂತೆಯಿರಲಿಲ್ಲ. ತಮ್ಮ ಫಲಕದ ಮುಂದೆ ಬಂದು ನಿಂತಾಗ ಗಂಟೆ ಒಂದು. ಅಲ್ಲಿಂದ ಮಳಲಿಕೆರೆ ಹದಿನೈದೇ ನಿಮಿಷ. ‘ಊಟದ ಹೊತ್ತಿಗೆ ಹೋದ್ರೆ ಲಕ್ಷಣವಾಗಿರುತ್ತೆ’ ಎಂದು ಮಾವ ತಾವು ಹಾಕಿಸಿದ ಬಾಣದ ಪ್ರಕಾರ ಎಡಕ್ಕೆ ತಿರುಗಿಸಿದರು.

ಎಡಕ್ಕೆ ತಿರುಗಿದರೆ ಮಣ್ಣುರಸ್ತೆ. ಅದು ಒಂದು ತೆಂಗಿನ ತೋಟ ಸುತ್ತಿ, ಒಂದು ಶಾಲೆಯ ಹಿಂದೆ ಹಾದು, ಮೂರು ದಾರಿ ಸೇರುವ ಕಡೆ ಬಿಟ್ಟಿತು. ಬಾಣ? ಇಲ್ಲ. ನಾವು ನಡುವಿನ ದಾರಿ ಹಿಡಿದೆವು. ಇಪ್ಪತ್ತು ನಿಮಿಷದ ನಂತರ ಎದುರಿಗೆ ಒಂದು ಸುಂದರವಾದ ಫಲಕ ಕಂಡಿತು. ‘ಮುಂದೆ ಕಾಮಗಾರಿ ನಡೆಯುತ್ತಿದೆ, ಬದಲಿ ಮಾರ್ಗ ಬಳಸಿ.’ ಹೌದು, ಅದೇ ಫಲಕ. ಎರಡನೆಯ ಸಲ ಎಡಗಡೆಯ ದಾರಿ ಹಿಡಿದೆವು. ಒಂದೂವರೆ ಗಂಟೆ ಸುತ್ತಿ ಮತ್ತೆ ತಮ್ಮ ಫಲಕದ ದರ್ಶನವಾಯಿತು. ಅಜ್ಜಿ ಕೈಮುಗಿದರು. ದೇವರೆಂದುಕೊಂಡೋ, ಸಾಕಪ್ಪಾ ಎಂದೋ ಗೊತ್ತಾಗಲಿಲ್ಲ.

ಫೋನಿನ ಮ್ಯಾಪು ನೋಡಬಾರದಿತ್ತೇ ಎಂದು ತಾವು ಕೇಳುತ್ತೀರಿ. ನೋಡಿದೆವು. ಬಿಸಿಲಿಗೆ ಫೋನು ಕಾದು, ತಣ್ಣಗಾಗುವವರೆಗೆ ನನ್ನನ್ನು ಮುಟ್ಟಬೇಡಿ ಎಂದು ಬರೆದುಕೊಂಡು ಕಪ್ಪಾಗಿ ಮಲಗಿಬಿಟ್ಟಿತು. ಮಾವನದು ಗುಂಡಿ ಒತ್ತುವ ಫೋನು, ಅದರಲ್ಲಿ ಮಾತಾಡಬಹುದು ಅಷ್ಟೇ. ಹುಡುಗಿಯ ಮನೆಗೇ ಕರೆ ಮಾಡಿ ದಾರಿ ಕೇಳೋಣ ಎಂದೆ. ಅಮ್ಮ ಕಣ್ಣು ಬಿಟ್ಟರು. ‘ಹೆಣ್ಣು ನೋಡೋಕ್ ಬಂದೋರು ದಾರಿ ತಪ್ಪಿಸ್ಕೊಂಡಿದೀವಿ ಅಂತ ಹೇಳ್ಕೋತೀಯಾ? ನೆಟ್ಟಗೆ ಊರಿಗ್ ಬರೋಕ್ ಬರ್ದಿದ್ದೋನು ಸಂಸಾರ ಮಾಡ್ತಾನಾ ಅಂತಾರೆ, ಅಷ್ಟೇ’ ಎಂದರು.

ಕೊನೆಗೆ ಆಡು ಮೇಯಿಸುತ್ತಿದ್ದ ಒಬ್ಬರು ಸಿಕ್ಕರು. ನಾನು ಬಾಗಿಲು ತೆರೆದು ಕತ್ತು ಹೊರಗೆ ಹಾಕಿ ‘ಅಣ್ಣಾ, ಈ ರೋಡು ಎಲ್ಲಿ...’ ಎನ್ನುವಷ್ಟರಲ್ಲಿ ಅಜ್ಜಿ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ತೊಡೆ ಚಿವುಟಿದರು. ಮಾತು ನುಂಗಿಕೊಂಡೆ. ಊರಿನ ಹೆಸರು ಹೇಳುವಂತಿಲ್ಲ, ಎಲ್ಲಿಗೆಂದು ಕೇಳುವಂತಿಲ್ಲ. ಉಳಿದಿದ್ದು ಒಂದೇ ಮಾತು.

‘ಅಣ್ಣಾ, ಈ ರೋಡು ದೂರ ಹೋಗುತ್ತಾ?’

ಅವರು ರೋಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ‘ಹೋಗ್ತದೆ ಸ್ವಾಮಿ. ನಿಮಗೆ ಎಷ್ಟು ದೂರ ಬೇಕೋ ಅಷ್ಟು ದೂರ ಹೋಗ್ತದೆ.’

‘ನಮಗೆ ಮೇನ್ ರೋಡ್ ಬೇಕಾಗಿತ್ತು.’

‘ಮೇನ್ ರೋಡಿಂದಾನೇ ಅಲ್ವಾ ನೀವು ಬಂದಿದ್ದು? ಬೇಕಾಗಿದ್ರೆ ಅಲ್ಲೇ ಇರ್ಬೇಕಿತ್ತು’ ಎಂದು ಹೇಳಿ ಅವರು ಆಡುಗಳ ಹಿಂದೆ ಹೊರಟುಹೋದರು.

ಇದರಲ್ಲಿ ತಪ್ಪು ಅಜ್ಜಿಯದು, ಇಲಾಖೆಯದೇನಿದೆ ಎಂದು ತಾವು ಕೈ ತೊಳೆದುಕೊಳ್ಳಬಹುದು. ಅರ್ಧ ಒಪ್ಪುತ್ತೇನೆ. ಆದರೆ ಮಾನ್ಯರೇ, ಫಲಕ ಇರುವುದಾದರೂ ಯಾತಕ್ಕೆ? ಯಾರನ್ನೂ ಏನನ್ನೂ ಕೇಳಬೇಕಾದ ಪ್ರಸಂಗ ಬಾರದಿರಲಿ ಎಂದಲ್ಲವೇ? ಮೂಗರು ಓಡಾಡುತ್ತಾರೆ, ಭಾಷೆ ಬಾರದವರು ಓಡಾಡುತ್ತಾರೆ, ಬಾಯಿಬಿಟ್ಟು ಕೇಳುವುದೇ ಅವಮಾನ ಎಂದುಕೊಂಡಿರುವ ಸೋದರಮಾವಂದಿರು ಓಡಾಡುತ್ತಾರೆ. ಮುಂದಿನ ಸೀಟಿನಲ್ಲಿ ಅಜ್ಜಿಯನ್ನು ಕೂರಿಸಿಕೊಂಡವರೂ ಓಡಾಡುತ್ತಾರೆ. ಇವರೆಲ್ಲರ ಪರವಾಗಿ ಮಾತಾಡಲಿ ಎಂದೇ ಅಲ್ಲವೇ ಒಂದು ತಗಡಿಗೆ ಬಣ್ಣ ಹಚ್ಚಿ ನಿಲ್ಲಿಸುವುದು?

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ಸುತ್ತಿನಲ್ಲಿ ಬಲಗಡೆಯ ದಾರಿ ಹಿಡಿದು ಒಂದು ಕೆರೆಯ ಹತ್ತಿರ ಬಂದೆವು. ತೂಬಿನ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಒಂದು ಬಾಣ ಎಳೆದು ‘ಮೇನ್ ರೋಡು’ ಎಂದು ಬರೆದಿದ್ದರು. ಬಾಣದ ತಲೆ ಬಾಣಕ್ಕಿಂತ ದೊಡ್ಡದು. ‘ಮೇ’ ಒಂದು ಅಳತೆ, ‘ನ್’ ಇನ್ನೊಂದು ಅಳತೆ. ಅಮ್ಮ, ‘ಅಲ್ನೋಡೋ, ಬರ್ದಿದೆ’ ಎಂದರು. ಮಾವ ನನ್ನ ಮುಖ ನೋಡಿದರು. ಬೋರ್ಡಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನದೇ ಕೊನೆಯ ಮಾತು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿ, ‘ಇಷ್ಟು ಕೆಟ್ಟ ಅಕ್ಷರ ಬರೆಯೋರು ದಾರಿ ಸರಿಯಾಗಿ ಹೇಳ್ತಾರಾ? ಯಾವನೋ ತಮಾಷೆಗೆ ಗೀಚಿದಾನೆ, ನೇರ ಹೋಗಿ ಮಾವ’ ಎಂದೆ. ನೇರ ಹೋದೆವು. ಅದು ಪಾಳುಬಿದ್ದ ಕಲ್ಲುಕ್ವಾರಿಯೊಂದರಲ್ಲಿ ಕೊನೆಯಾಯಿತು. ಗಾಡಿ ತಿರುಗಿಸಲು ಜಾಗವಿಲ್ಲದೆ ಎರಡು ಕಿಲೋಮೀಟರ್ ಹಿಂದೆ ಹಿಂದೆಯೇ ಬಂದೆವು, ಅಜ್ಜಿಗೆ ಅದು ತಿರುವೂ ಅಲ್ಲದ ಉಬ್ಬೂ ಅಲ್ಲದ ಹೊಸ ಬಗೆಯ ವಾಂತಿ. ಮತ್ತೆ ಕೆರೆಯ ಹತ್ತಿರ ಬಂದಾಗ ಮಾವ ನನ್ನನ್ನು ಏನೂ ಕೇಳದೆ ಸೀಮೆಸುಣ್ಣದ ಬಾಣದ ಪ್ರಕಾರ ಬಲಕ್ಕೆ ತಿರುಗಿಸಿದರು. ನಾಲ್ಕೇ ನಿಮಿಷದಲ್ಲಿ ಹೆದ್ದಾರಿ. ಅಲ್ಲಿಂದ ಸ್ವಲ್ಪದರಲ್ಲೇ ಮಳಲಿಕೆರೆ.

ಹುಡುಗಿಯ ಮನೆಯ ಮುಂದೆ ಕಾರು ನಿಂತಾಗ ನಾಲ್ಕು ಗಂಟೆ ಮೂವತ್ತೆರಡು ನಿಮಿಷ. ಭಾನುವಾರ ರಾಹುಕಾಲ ನಾಲ್ಕೂವರೆಯಿಂದ ಆರು. ಎರಡು ನಿಮಿಷ, ಮಾನ್ಯರೇ! ಅಜ್ಜಿ ಕಾರಿನ ಬಾಗಿಲು ತೆಗೆಯಗೊಡಲಿಲ್ಲ. ‘ಆರು ಗಂಟೆವರ್ಗೂ ಯಾರೂ ಹೊಸ್ಲು ತುಳಿಯೋ ಹಂಗಿಲ್ಲ’ ಎಂದರು. ಹುಡುಗಿಯ ತಂದೆ ಕೆಂಚಪ್ಪನವರು ಊಟಕ್ಕೆಂದು ಮಾಡಿದ್ದ ಅಡುಗೆ ಆರಿಹೋದ ಸಂಕಟವನ್ನು ತೋರಿಸಿಕೊಳ್ಳದೆ ಬಾಗಿಲಲ್ಲಿ ನಿಂತು ಕೈಮುಗಿದರು. ನಾವು ಕಾರಿನೊಳಗಿಂದ ಕೈಮುಗಿದೆವು. ಹೀಗೆ ಒಂದೂವರೆ ಗಂಟೆ ಎರಡೂ ಕಡೆಯವರು ಇಪ್ಪತ್ತು ಅಡಿ ಅಂತರದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುವ ಏರ್ಪಾಟಾಯಿತು. ಬೀದಿಯ ಜನವೆಲ್ಲ ಜಗಲಿಗಳ ಮೇಲೆ ಬಂದು ಕುಳಿತರು. ಹೆಣ್ಣು ನೋಡುವುದಕ್ಕೆ ಹೋಗಿದ್ದ ನನ್ನನ್ನು ಇಡೀ ಊರು ನೋಡಿತು.

ಆಗ ಮನೆಯೊಳಗಿಂದ ಒಬ್ಬ ಹೆಂಗಸು ಮಜ್ಜಿಗೆಯ ತಂಬಿಗೆ, ನಾಲ್ಕು ಲೋಟ ಹಿಡಿದು ನೆಟ್ಟಗೆ ಕಾರಿನ ಹತ್ತಿರ ಬಂದಳು. ಫೋಟೋದಲ್ಲಿ ನೋಡಿದ್ದ ಮುಖ. ಅವಳು ನನ್ನನ್ನು ನೋಡಲಿಲ್ಲ, ಅಮ್ಮನ ಒಣಗಿದ ತುಟಿಯನ್ನು ನೋಡಿದಳು.

‘ಅಮ್ಮಾ, ನೀವು ಮೊದ್ಲು ಇಳೀರಿ. ಕೈಕಾಲು ತೊಳ್ಕೊಂಡು ಬನ್ನಿ.’

‘ರಾಹುಕಾಲ ಕಣಮ್ಮಾ’ ಎಂದರು ಅಜ್ಜಿ.

‘ಹಿತ್ಲು ಕಡೆಯಿಂದ ಕರ್ಕೊಂಡ್ ಹೋಗ್ತೀನಿ ಅಜ್ಜಿ. ಹಿತ್ಲಿಗೆ ರಾಹುಕಾಲ ಇಲ್ಲ.’

ಅಜ್ಜಿ ಎಂಬತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಎದುರಿಸಿರಲಿಲ್ಲ. ಯೋಚಿಸುತ್ತಾ ಕುಳಿತರು. ಅಷ್ಟರಲ್ಲಿ ಅಮ್ಮ ಇಳಿದು ಹೋಗಿಯಾಗಿತ್ತು. ವಾಪಸು ಬಂದಾಗ ಅವರ ಮುಖದಲ್ಲಿದ್ದ ನೆಮ್ಮದಿ ನೋಡಿ, ಸಂಬಂಧ ಅಮ್ಮನ ಕಡೆಯಿಂದ ಕುದುರಿತು ಎಂದು ನನಗೆ ಗೊತ್ತಾಯಿತು. ಒಂದೇ ಉಸಿರಿಗೆ ಮೂರು ಲೋಟ ಮಜ್ಜಿಗೆ ಕುಡಿದರು. ಐದು ನಿಮಿಷ ಬಿಟ್ಟು ಅಜ್ಜಿಯೂ ಹಿತ್ತಲಿಗೆ ಹೋಗಿ ಬಂದರು.

ನಾನು ಇಳಿದು ಹೊಂಗೆ ಮರದ ನೆರಳಿನಲ್ಲಿ ನಿಂತೆ. ತಡವಾದದ್ದಕ್ಕೆ ಏನಾದರೂ ಹೇಳಬೇಕಲ್ಲ, ಬೋರ್ಡಿನವನ ಬುದ್ಧಿ ಉಪಯೋಗಿಸಿದೆ. ‘ಕೆರೆ ತೂಬಿನ ಹತ್ರ ಯಾವನೋ ಅರೆಬೆಂದೋನು ಬಾಣ ಗೀಚಿದಾನೆ. ಅಂಥ ಅಕ್ಷರ ನಂಬಿ ಯಾರು ತಿರುಗ್ತಾರೆ ಹೇಳಿ?’ ಎಂದೆ.

‘ಅದು ನಾನು ಬರ್ದಿದ್ದು’ ಎಂದಳು ಕುಸುಮಾ.

ಕಲ್ಲುಕ್ವಾರಿಗೆ ಹೊರಟುಹೋಗೋಣ ಎನ್ನಿಸಿತು. ಅವಳೇ ಮುಂದುವರಿಸಿದಳು. ‘ಅಕ್ಷರ ಕೆಟ್ಟದಾಗಿದೆ ಅಂತ ನನಗೂ ಗೊತ್ತು. ಗೋಡೆ ಉಬ್ಬುತಗ್ಗಾಗಿದೆ, ಮೇಲಾಗಿ ಅವಸರ. ಪೋಸ್ಟಾಫೀಸ್ ತೆಗೆಯೋದ್ರೊಳಗೆ ಸೈಕಲ್ ತಗೊಂಡ್ ಹೋಗಿ ಬರೀಬೇಕು. ವಾರಕ್ಕೊಂದ್ಸಲ. ದನ ಮೈ ಉಜ್ಜಿದ್ರೆ ವಾರದಲ್ಲಿ ಎರಡ್ಸಲ.’

‘ಯಾಕೆ ಇಷ್ಟೆಲ್ಲಾ?’

‘ಹೋದ್ ವರ್ಷ ಅಪ್ಪಂಗೆ ಎದೆನೋವು ಬಂತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದ್ವಿ. ಅದೂ ನಿಮ್ಮ ಥರಾನೇ ಸುತ್ತಿತು. ಡ್ರೈವರು ಮೂರ್ ಸಲ ಫೋನ್ ಮಾಡಿ, ಮೇಡಂ ಮತ್ತೆ ಅದೇ ಬೋರ್ಡ್ ಹತ್ರ ಬಂದಿದೀನಿ ಅಂದ. ಹದಿನೈದು ನಿಮಿಷದ ದಾರಿಗೆ ಒಂದೂಕಾಲು ಗಂಟೆ. ಅಪ್ಪ ಹೆಂಗೋ ಉಳ್ಕೊಂಡ್ರು. ಇನ್ನು ಅರ್ಧ ಗಂಟೆ ತಡ ಆಗಿದ್ರೆ ಇರ್ತಿರ್ಲಿಲ್ಲ ಅಂದ್ರು ಡಾಕ್ಟ್ರು.’ ಅವಳು ಕೆಂಚಪ್ಪನವರ ಕಡೆ ನೋಡಿದಳು. ಅವರು ಬಾಗಿಲಲ್ಲಿ ನಿಂತು ಇನ್ನೂ ನಮ್ಮ ಕಡೆಗೆ ನಗುತ್ತಿದ್ದರು. ‘ಅವತ್ತಿಂದ ಬರೀತಿದೀನಿ.’

ಊರಿನವರೂ ಸುಮ್ಮನೆ ಕೂತಿರಲಿಲ್ಲವಂತೆ. ತಗಡಿನ ಬೋರ್ಡೊಂದನ್ನು ತಾವೇ ಬರೆದು ನೆಟ್ಟಿದ್ದರಂತೆ. ಅನುಮತಿ ಇಲ್ಲದ ಫಲಕ ಎಂದು ಕಾಮಗಾರಿಯವರು ಮಾರನೆಯ ದಿನವೇ ಕಿತ್ತು ಹಾಕಿದರು. ಈಗ ಆ ತಗಡು ಕಾಮಗಾರಿಯ ಕಾವಲುಗಾರನ ಕುರ್ಚಿಗೆ ಸೂರಾಗಿದೆ. ಸೀಮೆಸುಣ್ಣವನ್ನು ಮಾತ್ರ ಕೀಳಲು ಅವರಿಗೆ ಇನ್ನೂ ದಾರಿ ಹೊಳೆದಿಲ್ಲ.

ಆರು ಗಂಟೆಗೆ ಹೊಸ್ತಿಲು ದಾಟಿ, ಹನ್ನೆರಡನೆಯ ಉಪ್ಪಿಟ್ಟು ತಿಂದೆವು. ಹಿರಿಯರು ಎಲ್ಲ ಮಾತಾಡಿದ ಮೇಲೆ ಮಾವ, ‘ಹುಡುಗಿ ಏನಂತಾಳೆ?’ ಎಂದು ಕೇಳಿದರು. ಕುಸುಮಾ ತಲೆ ತಗ್ಗಿಸದೆ ಹೇಳಿದಳು. ‘ನನಗೆ ಇವ್ರು ಒಪ್ಪಿಗೆ. ಕೆಲ್ಸಾನ ಅಷ್ಟು ಮನಸ್ಸಿಟ್ಟು ನೋಡೋರು ಕಮ್ಮಿ. ಆದ್ರೆ ನಾನು ಬೆಂಗ್ಳೂರಿಗೆ ಬಂದ್ಬಿಟ್ರೆ ಆ ಬಾಣ ಯಾರ್ ಬರೀತಾರೆ? ಇನ್ನೊಬ್ರಿಗೆ ಹೇಳ್ಬೋದು, ಒಂದು ವಾರ ಬರೀತಾರೆ, ಎರಡು ವಾರ ಬರೀತಾರೆ. ಮೂರನೇ ವಾರ ಮರೀತಾರೆ. ಅಪ್ಪಂಗೆ ನೋವು ಬರೋದು ಆ ಮೂರನೇ ವಾರಾನೇ. ಅಲ್ಲೊಂದು ಅಳಿಸಿಹೋಗದ ಬೋರ್ಡ್ ಬಂದ ದಿನ ನಾನು ಬರ್ತೀನಿ.’ ಅಜ್ಜಿ, ‘ನ್ಯಾಯವಾದ್ ಮಾತು’ ಎಂದರು. ಅಜ್ಜಿ ಬೇರೆಯವರ ಮಾತನ್ನು ನ್ಯಾಯ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನನ್ನು ಹನ್ನೊಂದು ಮನೆಯವರು ಬೇಡ ಎಂದಿದ್ದಾರೆ. ಬೇಕು ಎಂದವಳು ಇವಳೊಬ್ಬಳು. ನಡುವೆ ನಿಂತಿರುವುದು ಒಂದು ಬೋರ್ಡು, ಅದೂ ಇಲ್ಲದಿರುವ ಬೋರ್ಡು. ಬೋರ್ಡು ಬರೆಯುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಮಾರನೆಯ ವಾರವೇ ಸ್ಕೂಟರ್ ಏರಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಕೆಳಗೆ ಕುಳಿತಿದ್ದವರು ನನ್ನ ಅರ್ಜಿಯನ್ನು ಓದಿ, ‘ಬದಲಿ ಮಾರ್ಗ ಶುರುವಾಗೋದು ಮಾತ್ರ ನಮ್ದು ಸಾರ್. ಮುಗಿಯೋದು ಹಳ್ಳಿ ರಸ್ತೇಲಿ, ಅದು ನಮ್ದಲ್ಲ’ ಎಂದರು. ಹಳ್ಳಿ ರಸ್ತೆಯವರ ಬಳಿಗೆ ಹೋದರೆ, ‘ರಸ್ತೆ ನಮ್ದೇ, ಬದಲಿ ನಮ್ದಲ್ಲ’ ಎಂದರು. ಎರಡನೆಯ ಸಲ ಬಂದೆ. ತಾವು ಇನ್ನೂ ಮೀಟಿಂಗಿನಲ್ಲಿದ್ದಿರಿ, ಬಹುಶಃ ಅದೇ ಮೀಟಿಂಗು. ‘ಕಾಮಗಾರಿ ತಾತ್ಕಾಲಿಕ ಸಾರ್, ತಾತ್ಕಾಲಿಕಕ್ಕೆ ಶಾಶ್ವತ ಬೋರ್ಡ್ ಹಾಕೋ ಹಾಗಿಲ್ಲ’ ಎಂದರು. ಹಾಗಾದರೆ ತಾತ್ಕಾಲಿಕ ಬೋರ್ಡು ಹಾಕಿ ಎಂದೆ. ‘ಮೂರು ವರ್ಷ ಆಯ್ತಲ್ಲ, ಇನ್ನೇನು ಮುಗಿದೋಗುತ್ತೆ, ಈಗ್ಯಾಕೆ?’ ಎಂದರು. ಮೂರನೆಯ ಸಲ ಬಂದಾಗ ತಮ್ಮ ಕೋಣೆ ಮೊದಲನೆಯ ಮಹಡಿಯಿಂದ ಬದಲಾಗಿತ್ತು. ಹೊಸ ಕೋಣೆ ಯಾವುದೆಂದು ತಿಳಿಸುವ ಫಲಕ ಇರಲಿಲ್ಲ. ಆಗ ನನಗೆ ತಮ್ಮ ಮೇಲಿದ್ದ ಸಿಟ್ಟು ಇಳಿದು ಒಂದು ಬಗೆಯ ಮರುಕ ಹುಟ್ಟಿತು. ಪಾಪ, ತಾವೂ ಆ ಕಟ್ಟಡದೊಳಗೆ ಎಷ್ಟು ಸುತ್ತುತ್ತಿದ್ದೀರೋ.

ಆದ್ದರಿಂದ ಈಗ ನನ್ನ ಬೇಡಿಕೆ ಕೇಳಿ. ತಾವು ಏನನ್ನೂ ಮಾಡಿಸಬೇಕಾಗಿಲ್ಲ. ನ್ಯಾಯವಾಗಿ ಬರೆಸಬೇಕಾದವರು ತಾವೇ ಎಂಬುದನ್ನು ನಾನು ಮರೆತಿಲ್ಲ, ಆದರೆ ಬೋರ್ಡು ಸಿದ್ಧವಾಗಿದೆ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ, ತಮ್ಮದೇ ಬಣ್ಣ, ತಮ್ಮದೇ ಹಾಳೆ, ತಮ್ಮದೇ ಅಕ್ಷರ. ತಮ್ಮ ಫಲಕದ ಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರು ಎನ್ನಬೇಕು. ಮಾರೇನಹಳ್ಳಿಯ ಅಂಗಡಿಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದೇನೆ. ನೆಡುವುದಕ್ಕೆ ಎರಡು ಕಂಬವನ್ನೂ ಸಿದ್ಧ ಮಾಡಿಕೊಂಡಿದ್ದೇನೆ. ಕದ್ದು ನೆಡಬಹುದಿತ್ತು, ಮತ್ತೊಬ್ಬ ಕಾವಲುಗಾರನ ತಲೆಗೆ ಸೂರಾಗುತ್ತದೆ ಎಂದು ಸುಮ್ಮನಿದ್ದೇನೆ. ಬೇಕಾಗಿರುವುದು ಅನುಮತಿ ಪತ್ರದ ಮೇಲೆ ತಮ್ಮದೊಂದು ರುಜು. ಅದಕ್ಕೆ ಶುರುವಿನ ವಿಭಾಗ, ಮುಗಿಯುವ ವಿಭಾಗ ಎಂದಿಲ್ಲ ಎಂದು ನಂಬಿದ್ದೇನೆ.

ಮುಂಗಾರು ಹತ್ತಿರ ಬಂದಿದೆ. ಮಳೆ ಹಿಡಿದುಕೊಂಡರೆ ಆ ಗೋಡೆಯ ಮೇಲೆ ಸುಣ್ಣ ಒಂದು ಗಂಟೆಯೂ ನಿಲ್ಲುವುದಿಲ್ಲ. ಅವಳು ದಿನಾ ಹೋಗಿ ಬರೆದರೂ ನಿಲ್ಲುವುದಿಲ್ಲ. ಮಳೆಗೆ ಮೊದಲು ಆ ರುಜು ಬೇಕು. ನನ್ನ ಅವಸರಕ್ಕಾಗಿ ಕೇಳುತ್ತಿದ್ದೇನೆ ಎಂದು ತಾವು ತಿಳಿಯಬಾರದು. ನನಗೆ ಕಾದು ಅಭ್ಯಾಸವಿದೆ, ಅವಳೂ ಕಾಯುತ್ತೇನೆ ಎಂದಿದ್ದಾಳೆ. ನಮ್ಮ ಮದುವೆ ಒಂದು ಮಳೆಗಾಲ ತಡವಾದರೆ ಯಾರೂ ಸಾಯುವುದಿಲ್ಲ. ಬೋರ್ಡು ತಡವಾದರೆ ಕೆಂಚಪ್ಪನವರು ಸಾಯಬಹುದು.

ಇಂತಿ,
ತಾವು ಮೀಟಿಂಗಿನಿಂದ ಹೊರಗೆ ಬರುವುದನ್ನೇ ಕಾಯುತ್ತಾ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿರುವ,
ಇನ್ನೂ ಅವಿವಾಹಿತ,
ಮಧುಕುಮಾರ್
ಬೋರ್ಡು ಬರೆಯುವವನು, ಮಾರೇನಹಳ್ಳಿ